ಅಂಗಡಿ ಕಾರ್ಡೋ, ಹೋಟೆಲ್ ಕಾರ್ಡೋ?

‘ಅಕ್ಕಾರ, ಗುರುಗುಂಟಾದಾಗ ನಮ್ಮದು ಬೀಜ-ಗೊಬ್ಬರದ ಅಂಗಡಿ ಐತಿ. ಲೈಸೆನ್ಸ್ ನನ್ನ ಹೆಸರಿನ್ಯಾಗ, ವ್ಯಾಪಾರ ನೋಡೋರು ನಮ್ಮ ಮನಿಯವರು. ಬ್ಯಾಂಕಿನಿಂದ ದಿನಾ ಫೋನ್ ಬರ್ತಾವು. ಒಬ್ಬರು ಬಿಸಿನೆಸ್ ಕಾರ್ಡ್ ತಗೋರಿ, ಖರ್ಚಿಗೆಲ್ಲಾ ಪಾಯಿಂಟ್ ಸಿಗ್ತಾವು ಅಂತಾರ. ಇನ್ನೊಬ್ಬರು ಹೋಟೆಲ್ ಕಾರ್ಡ್ ತಗೋರಿ, ವರ್ಷಕ್ಕೊಮ್ಮೆ ಸ್ಟಾರ್ ಹೋಟೆಲಿನ್ಯಾಗ ಪುಕ್ಕಟೆ ಇರಬಹುದು ಅಂತಾರ. ಮಗಳು ಬೆಂಗಳೂರಾಗ ಓದಾಕತ್ತ್ಯಾಳ, ಹೋಗಿ ಬರೋದು ಇದ್ದೇ ಇರ್ತದ. ಎರಡರಾಗ ಯಾವ್ದು ಚಲೋ?’

ಹೀಗೊಂದು ಪ್ರಶ್ನೆ ಬಂದಿದೆ. ಇದು ಗುರುಗುಂಟಾದ ಒಬ್ಬ ಸೋದರಿಯ ಪ್ರಶ್ನೆ ಮಾತ್ರ ಅಲ್ಲ. ಲಿಂಗಸುಗೂರು, ಸಿಂಧನೂರು, ಮಸ್ಕಿ, ರಾಯಚೂರಿನ ಎಷ್ಟೋ ಮನೆಗಳಿಗೆ ಈ ಫೋನ್ ಬರುತ್ತಿದೆ. ದೇಶದಲ್ಲಿ ಚಲಾವಣೆಯಲ್ಲಿರುವ ಕ್ರೆಡಿಟ್ ಕಾರ್ಡ್‌ಗಳ ಸಂಖ್ಯೆ 2024ರಲ್ಲೇ 10 ಕೋಟಿ ದಾಟಿದೆ. ದೊಡ್ಡ ಊರುಗಳಲ್ಲಿ ಕೊಡುವವರಿಗೆಲ್ಲ ಕೊಟ್ಟಾಯಿತು, ಈಗ ತಾಲ್ಲೂಕು ಕೇಂದ್ರಗಳ ಸರದಿ. ಅಂಗಡಿ ಇಟ್ಟವರು, ಅಕ್ಕಿ ಗಿರಣಿಯವರು, ಹಟ್ಟಿ ಚಿನ್ನದ ಗಣಿಯಲ್ಲಿ ಸಂಬಳ ತೆಗೆದುಕೊಳ್ಳುವವರು ಎಲ್ಲರೂ ಬ್ಯಾಂಕಿನ ಪಟ್ಟಿಯಲ್ಲಿದ್ದಾರೆ.

ಹಾಗಾದರೆ ಯಾವುದು ಒಳ್ಳೆಯದು? ಉತ್ತರ ಹೇಳುವ ಮೊದಲು ಎರಡೂ ಕಾರ್ಡ್‌ಗಳು ಏನು ಕೊಡುತ್ತವೆ, ಏನು ತೆಗೆದುಕೊಳ್ಳುತ್ತವೆ ಅಂತ ಕಾಗದದ ಮೇಲೆ ಲೆಕ್ಕ ಹಾಕಿ ನೋಡೋಣ. ಸಂತೆಯಲ್ಲಿ ನಾಲ್ಕು ರೂಪಾಯಿಗೆ ಚೌಕಾಸಿ ಮಾಡುವ ನಾವು ಇಲ್ಲಿ ಯಾಕೆ ಸುಮ್ಮನಿರಬೇಕು?

ಹೋಟೆಲ್ ಕಾರ್ಡ್ ಅಂದರೆ ಏನು?

ಇಲ್ಲಿ ಹೋಟೆಲ್ ಅಂದರೆ ಇಡ್ಲಿ, ಮಿರ್ಚಿ-ಮಂಡಕ್ಕಿಯ ಹೋಟೆಲ್ ಅಲ್ಲ. ರಾತ್ರಿ ತಂಗುವ ದೊಡ್ಡ ಹೋಟೆಲ್. ಒಂದು ಬ್ಯಾಂಕು, ಒಂದು ಹೋಟೆಲ್ ಕಂಪನಿ ಜೊತೆ ಸೇರಿ ಕೊಡುವ ಕಾರ್ಡ್ ಇದು. ನೀವು ಏನೇ ಖರ್ಚು ಮಾಡಿದರೂ ಬರುವ ಪಾಯಿಂಟು ಆ ಹೋಟೆಲ್ ಕಂಪನಿಯ ಖಾತೆಗೆ ಹೋಗಿ ಬೀಳುತ್ತದೆ. ಅಮೆರಿಕದಲ್ಲಿ ಇಂಥವು ಹತ್ತಾರು ಇವೆ. ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವುದು 2023ರ ಆಗಸ್ಟ್‌ನಲ್ಲಿ ಎಚ್‌ಡಿಎಫ್‌ಸಿ ಬ್ಯಾಂಕ್ ಮತ್ತು ಮ್ಯಾರಿಯಟ್ ಕಂಪನಿ ಸೇರಿ ಹೊರತಂದ ಮ್ಯಾರಿಯಟ್ ಬಾನ್‌ವಾಯ್ ಕಾರ್ಡ್.

ಅದು ಬಂದಾಗ ಹೇಳಿದ ಷರತ್ತು ಹೀಗಿತ್ತು: ವರ್ಷದ ಶುಲ್ಕ 3,000 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ. ಅಲ್ಲಿಗೆ 3,540 ರೂಪಾಯಿ ಆಯಿತು. ಅದಕ್ಕೆ ಪ್ರತಿಯಾಗಿ ವರ್ಷಕ್ಕೊಂದು ರಾತ್ರಿ ಉಚಿತ. ಆದರೆ 15,000 ಪಾಯಿಂಟ್ ಒಳಗಿನ ಬೆಲೆಯ ರೂಮಿಗೆ ಮಾತ್ರ. ಮ್ಯಾರಿಯಟ್ ಹೋಟೆಲಿನಲ್ಲೇ ಖರ್ಚು ಮಾಡಿದರೆ ಪ್ರತಿ 150 ರೂಪಾಯಿಗೆ 8 ಪಾಯಿಂಟ್, ಪ್ರಯಾಣ ಮತ್ತು ಊಟಕ್ಕೆ 4, ಉಳಿದ ಖರ್ಚಿಗೆ 2 ಪಾಯಿಂಟ್.

ಈಗ ಲೆಕ್ಕ ನೋಡಿ. ನಮ್ಮ ಸೋದರಿಯ ಖರ್ಚೆಲ್ಲ ‘ಉಳಿದ ಖರ್ಚು’ ಎಂಬ ಸಾಲಿನಲ್ಲೇ ಬರುತ್ತದೆ. ಕಿರಾಣಿ, ಬಟ್ಟೆ, ಅಂಗಡಿಯ ಸಾಮಾನು ಹೀಗೆ. 150 ರೂಪಾಯಿಗೆ 2 ಪಾಯಿಂಟ್ ಅಂದರೆ, 15,000 ಪಾಯಿಂಟ್ ಕೂಡಿಸಲು 11 ಲಕ್ಷ 25 ಸಾವಿರ ರೂಪಾಯಿ ಖರ್ಚು ಮಾಡಬೇಕು! ಒಂದು ರಾತ್ರಿಯ ರೂಮಿಗಾಗಿ! ತಿಂಗಳಿಗೆ 40 ಸಾವಿರ ಖರ್ಚು ಮಾಡುವ ಮನೆಗೆ ಅದು ಎರಡು ವರ್ಷಕ್ಕೂ ಮೀರಿದ ಖರ್ಚು.

ಅಲ್ಲಿಗೆ ನಿಜವಾದ ಲಾಭ ಆ ಒಂದು ಉಚಿತ ರಾತ್ರಿ ಮಾತ್ರ. ಎಂಟು ಸಾವಿರ ರೂಪಾಯಿಯ ರೂಮು 3,540ಕ್ಕೆ ಸಿಕ್ಕಿದರೆ ಲಾಭವೇ, ಇಲ್ಲ ಅನ್ನೋದಿಲ್ಲ. ಆದರೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಕಾರ್ಡ್ ಇಲ್ಲದಿದ್ದರೆ ನೀವು ಎಂಟು ಸಾವಿರ ಕೊಟ್ಟು ಆ ರೂಮಿನಲ್ಲಿ ಇರುತ್ತಿದ್ದಿರಾ? ಇಲ್ಲ ಅಂದರೆ ನೀವು 4,460 ರೂಪಾಯಿ ಉಳಿಸಲಿಲ್ಲ. 3,540 ರೂಪಾಯಿ ಹೆಚ್ಚಿಗೆ ಖರ್ಚು ಮಾಡಿದಿರಿ, ಅಷ್ಟೇ. ರಿಯಾಯಿತಿ ಇದೆ ಅಂತ ಬೇಡದ ಸೀರೆ ತಂದ ಹಾಗೆ ಇದು.

ಇನ್ನೊಂದು ವಿಷಯ. ಗುರುಗುಂಟಾದವರು ಆ ಉಚಿತ ರಾತ್ರಿಯನ್ನು ಎಲ್ಲಿ ಬಳಸಬೇಕು? ಆ ಕಂಪನಿಯ ಹೋಟೆಲಿಗೆ ಹೈದರಾಬಾದಿಗೋ ಬೆಂಗಳೂರಿಗೋ ಹೋಗಬೇಕು. ಬೆಂಗಳೂರು ಅಂದರೆ ಒಂದು ರಾತ್ರಿಯ ಬಸ್ ಪ್ರಯಾಣ. ನಮ್ಮ ಭಾಗದವರು ರಾತ್ರಿ ಬಸ್ ಹತ್ತಿ, ಬೆಳಿಗ್ಗೆ ಇಳಿದು, ಕೆಲಸ ಮುಗಿಸಿ ಮತ್ತೆ ರಾತ್ರಿ ಬಸ್ ಹಿಡಿಯುವುದೇ ಹೆಚ್ಚು. ಮಗಳ ಹಾಸ್ಟೆಲ್ ಹತ್ತಿರ ಒಂದು ಸಾಧಾರಣ ಲಾಡ್ಜ್ ಅಥವಾ ನೆಂಟರ ಮನೆ ಸಾಕು. ಸ್ಟಾರ್ ಹೋಟೆಲಿನ ರೂಮು ಪುಕ್ಕಟೆ ಆದರೂ ಅಲ್ಲಿನ ಊಟ ಪುಕ್ಕಟೆ ಅಲ್ಲ, ಅಲ್ಲಿಗೆ ಹೋಗುವ ಟ್ಯಾಕ್ಸಿ ಪುಕ್ಕಟೆ ಅಲ್ಲ. ವಿಮಾನ ನಿಲ್ದಾಣದ ಲಾಂಜ್ ಸೌಲಭ್ಯವೂ ಹಾಗೇ. ವರ್ಷಕ್ಕೆ ಒಂದು ಸಲವೂ ವಿಮಾನ ಹತ್ತದವರಿಗೆ ಹನ್ನೆರಡು ಸಲ ಲಾಂಜ್ ಕೊಟ್ಟರೇನು, ನೂರು ಸಲ ಕೊಟ್ಟರೇನು?

ಕಾರ್ಡ್ ಇಲ್ಲದೆಯೂ ಸಿಕ್ಕ ರಿಯಾಯಿತಿ

ಫೋನ್ ಮಾಡುವವರು ಹೇಳದ ಒಂದು ಸಂಗತಿ ಇದೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದವಲ್ಲ, ಆಗ ದಿನಕ್ಕೆ 7,500 ರೂಪಾಯಿವರೆಗಿನ ಹೋಟೆಲ್ ರೂಮಿನ ಮೇಲಿನ ತೆರಿಗೆ ಶೇ 12ರಿಂದ ಶೇ 5ಕ್ಕೆ ಇಳಿಯಿತು. 2,000 ರೂಪಾಯಿಯ ರೂಮಿಗೆ ಮೊದಲು 240 ರೂಪಾಯಿ ತೆರಿಗೆ ಇತ್ತು, ಈಗ 100 ರೂಪಾಯಿ. 6,000ದ ರೂಮಿಗೆ 720 ಇದ್ದದ್ದು 300 ಆಗಿದೆ. ಇದು ಯಾವ ಕಾರ್ಡೂ ಇಲ್ಲದೆ ಎಲ್ಲರಿಗೂ ಸಿಗುವ ಉಳಿತಾಯ. ಬಿಲ್ಲಿನಲ್ಲಿ ಇನ್ನೂ ಶೇ 12 ಹಾಕಿದ್ದರೆ ಕೇಳಿ, ಹಿಂಜರಿಯಬೇಡಿ. 7,500 ರೂಪಾಯಿ ದಾಟಿದ ರೂಮಿಗೆ ಮಾತ್ರ ಶೇ 18.

‘ವ್ಯಾಪಾರಕ್ಕಾಗಿ ಹೋದರೆ ಹೋಟೆಲಿನ ಜಿಎಸ್‌ಟಿ ವಾಪಸ್ ಪಡೆಯಬಹುದು’ ಅಂತಲೂ ಕೆಲವರು ಹೇಳುತ್ತಾರೆ. ಪೂರ್ತಿ ನಿಜ ಅಲ್ಲ.  ಹೋಟೆಲ್ ಯಾವ ರಾಜ್ಯದಲ್ಲಿದೆಯೋ ಆ ರಾಜ್ಯದ ತೆರಿಗೆ ಬೀಳುತ್ತದೆ. ಕರ್ನಾಟಕದಲ್ಲಿ ನೋಂದಣಿ ಇರುವ ಅಂಗಡಿಯವರು ಹೈದರಾಬಾದಿನ ಹೋಟೆಲಿನಲ್ಲಿ ಕಟ್ಟಿದ ತೆರಿಗೆಯನ್ನು ಇಲ್ಲಿ ಕಳೆದುಕೊಳ್ಳಲು ಬರುವುದಿಲ್ಲ. ಆದ್ದರಿಂದ ಆ ಆಸೆಗಾಗಿ ಹೋಟೆಲ್ ಕಾರ್ಡ್ ಬೇಡ.

ಇನ್ನು ಬಿಸಿನೆಸ್ ಕಾರ್ಡ್

ವ್ಯಾಪಾರಿಗಳಿಗಾಗಿಯೇ ಮಾಡಿದ ಕಾರ್ಡ್ ಇದು. ವರ್ಷದ ಶುಲ್ಕ ಕೆಲವು ನೂರು ರೂಪಾಯಿಯಿಂದ ಹತ್ತು ಸಾವಿರದವರೆಗೂ ಇದೆ. ಫೋನ್ ಬಿಲ್, ಕಂಪ್ಯೂಟರ್, ತೆರಿಗೆ ಪಾವತಿ, ಸಾಮಾನು ಖರೀದಿ ಮುಂತಾದವಕ್ಕೆ ಪಾಯಿಂಟ್ ಅಥವಾ ಕ್ಯಾಶ್‌ಬ್ಯಾಕ್. ಕೆಲವು ಕಾರ್ಡ್‌ಗಳಲ್ಲಿ 55 ದಿನದವರೆಗೆ ಬಡ್ಡಿ ಇಲ್ಲ. ಅಂಗಡಿ ಖರ್ಚು ಬೇರೆ, ಮನೆ ಖರ್ಚು ಬೇರೆ ಅಂತ ಸ್ಪಷ್ಟ ಲೆಕ್ಕ ಸಿಗುತ್ತದೆ. ಕಾರ್ಡಿನ ಶುಲ್ಕದ ಮೇಲಿನ ಜಿಎಸ್‌ಟಿಯನ್ನು, ಅಂಗಡಿಗೆ ಸಾಮಾನ್ಯ ಜಿಎಸ್‌ಟಿ ನೋಂದಣಿ ಇದ್ದರೆ, ಲೆಕ್ಕದಲ್ಲಿ ಕಳೆದುಕೊಳ್ಳಬಹುದು. ಕಾಂಪೊಸಿಷನ್ ಸ್ಕೀಮಿನಲ್ಲಿ ಇರುವವರಿಗೆ ಈ ಅನುಕೂಲ ಇಲ್ಲ.

ಲೆಕ್ಕ ಬೇರೆ ಇಡುವುದು ಎಷ್ಟು ಮುಖ್ಯ ಅಂತ 2025ರ ಜುಲೈನಲ್ಲಿ ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಗೊತ್ತಾಯಿತು. ಯುಪಿಐ ಮೂಲಕ ಬಂದ ಹಣ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಅಂಗಡಿಗಳಿಗೆ ನೋಟಿಸ್ ಕಳಿಸಿತ್ತು. ‘ಅದರಲ್ಲಿ ನೆಂಟರು ಕೊಟ್ಟ ಸಾಲ ಇದೆ, ಮನೆಯ ಹಣ ಇದೆ, ಎಲ್ಲವೂ ವ್ಯಾಪಾರ ಅಲ್ಲ’ ಅಂತ ಎಷ್ಟೋ ಜನ ಗೋಳಾಡಿದರು. ಹಣ ಎಲ್ಲ ಒಂದೇ ಖಾತೆಯಲ್ಲಿ ಕಲಸುಮೇಲೋಗರ ಆಗಿದ್ದರೆ ಯಾವುದು ಯಾವುದು ಅಂತ ತೋರಿಸುವುದು ಕಷ್ಟ. ಕಾರ್ಡೂ ಹಾಗೇ. ದೊಡ್ಡ ಮೊತ್ತದ ಕಾರ್ಡ್ ಪಾವತಿಯ ವಿವರ ಬ್ಯಾಂಕಿನಿಂದ ಆದಾಯ ತೆರಿಗೆ ಇಲಾಖೆಗೂ ಹೋಗುತ್ತದೆ. ಆದ್ದರಿಂದ ಅಂಗಡಿಗೆ ಒಂದು, ಮನೆಗೆ ಒಂದು ಅಂತ ಬೇರೆ ಇಡುವುದು ಜಾಣತನ.

ಹಾಗಾದರೆ ಬಿಸಿನೆಸ್ ಕಾರ್ಡೇ ಒಳ್ಳೆಯದು ಅಂತಾಯಿತಲ್ಲ? ತಾಳಿ. ಇನ್ನೂ ಮೂರು ಗಂಟು ಇವೆ.

ಮೊದಲನೇ ಗಂಟು: ಹೋಲ್‌ಸೇಲ್‌ನವರು ಕಾರ್ಡ್ ತಗೋತಾರಾ?

ಗೊಬ್ಬರದ ಅಂಗಡಿಯ ದೊಡ್ಡ ಖರ್ಚು ಅಂದರೆ ಡೀಲರ್‌ಗೆ ಕೊಡುವ ಹಣ. ಅವರಲ್ಲಿ ಹೆಚ್ಚಿನವರಿಗೆ ಬೇಕಾದದ್ದು ಆರ್‌ಟಿಜಿಎಸ್ ಅಥವಾ ಚೆಕ್. ಕಾರ್ಡ್ ತೆಗೆದುಕೊಂಡರೂ ‘ಶೇ 2 ಹೆಚ್ಚಿಗೆ ಆಗ್ತದ’ ಅಂತಾರೆ. ಯಾಕಂದರೆ ಕ್ರೆಡಿಟ್ ಕಾರ್ಡ್ ಉಜ್ಜಿದಾಗ ಬ್ಯಾಂಕು ಅಂಗಡಿಯವರಿಂದ ಕಮಿಷನ್ ಹಿಡಿಯುತ್ತದೆ. ನಿಮಗೆ ಬರುವ ಪಾಯಿಂಟ್ ಬೆಲೆ ಶೇ 1, ನೀವು ಕೊಡುವ ಹೆಚ್ಚುವರಿ ಶೇ 2. ಲಕ್ಷ ರೂಪಾಯಿ ಸಾಮಾನಿಗೆ ಸಾವಿರ ಬಂತು, ಎರಡು ಸಾವಿರ ಹೋಯಿತು. ಗೊಬ್ಬರದ ವ್ಯಾಪಾರದಲ್ಲಿ ಲಾಭವೇ ತೆಳ್ಳಗೆ. ಯೂರಿಯಾದ 45 ಕಿಲೋ ಚೀಲಕ್ಕೆ ಸರ್ಕಾರ 266 ರೂಪಾಯಿ 50 ಪೈಸೆ ಅಂತ ದರ ಕಟ್ಟಿದೆ, ಅದರ ಮೇಲೆ ಹೆಚ್ಚಿಗೆ ಮಾರುವ ಹಾಗಿಲ್ಲ. ಅಂಥಲ್ಲಿ ಶೇ 2 ಕೈಬಿಟ್ಟರೆ ಉಳಿಯುವುದೇನು?

ಕಾರ್ಡ್ ತೆಗೆದುಕೊಳ್ಳದ ಡೀಲರ್‌ಗೂ ಕಾರ್ಡಿನಿಂದಲೇ ಹಣ ಕಳಿಸುವ ಒಂದು ದಾರಿಯನ್ನು ಕೆಲವು ಕಂಪನಿಗಳು ತೋರಿಸುತ್ತಿದ್ದವು. ಕಾರ್ಡಿನಿಂದ ಹಣ ಒಬ್ಬ ಮಧ್ಯವರ್ತಿಗೆ, ಅವರಿಂದ ಡೀಲರ್ ಖಾತೆಗೆ. 2024ರ ಫೆಬ್ರುವರಿಯಲ್ಲಿ ರಿಸರ್ವ್ ಬ್ಯಾಂಕ್ ಇಂಥ ಒಂದು ವ್ಯವಸ್ಥೆಗೆ ಅನುಮತಿ ಇಲ್ಲ ಅಂತ ತಡೆ ಹಾಕಿತು. ಹಣ ಯಾರಿಗೆ, ಯಾತಕ್ಕೆ ಹೋಗುತ್ತಿದೆ ಅಂತ ಸರಿಯಾಗಿ ತಿಳಿಯುವುದಿಲ್ಲ ಅನ್ನುವುದು ಅದರ ಆಕ್ಷೇಪವಾಗಿತ್ತು. ಬಿಸಿನೆಸ್ ಕಾರ್ಡಿನ ಹಣ ವ್ಯಾಪಾರಕ್ಕೇ ಬಳಕೆ ಆಗುತ್ತಿದೆಯೇ ಅಂತ ನೋಡಿಕೊಳ್ಳುವ ಜವಾಬ್ದಾರಿಯನ್ನೂ ರಿಸರ್ವ್ ಬ್ಯಾಂಕ್ ಬ್ಯಾಂಕುಗಳ ಮೇಲೆ ಹಾಕಿದೆ. ಆದ್ದರಿಂದ ‘ಕಾರ್ಡ್ ಉಜ್ಜಿ ನಗದು ಕೊಡ್ತೀವಿ, ಕಮಿಷನ್ ಕೊಡಿ’ ಅನ್ನುವ ಅಂಗಡಿಗಳ ಹತ್ತಿರವೂ ಸುಳಿಯಬೇಡಿ. ಎಟಿಎಂನಲ್ಲಿ ಕ್ರೆಡಿಟ್ ಕಾರ್ಡ್ ಹಾಕಿ ನಗದು ತೆಗೆದರೆ ತೆಗೆದ ದಿನದಿಂದಲೇ ಬಡ್ಡಿ, ಮೇಲೆ ಶುಲ್ಕ ಬೇರೆ.

ಎರಡನೇ ಗಂಟು: ಬ್ಯಾಂಕಿನ ತಿಂಗಳು ಬೇರೆ, ಹೊಲದ ತಿಂಗಳು ಬೇರೆ

ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯವಾದ ಮಾತು. ಕಾರ್ಡಿನ ಗಡುವು ಹೆಚ್ಚು ಅಂದರೆ 50 ದಿನ, 55 ದಿನ. ಬಿಲ್ ತಯಾರಾಗುವ ಹಿಂದಿನ ದಿನ ಖರೀದಿ ಮಾಡಿದ್ದರೆ ಇಪ್ಪತ್ತು ದಿನವೂ ಸಿಗುವುದು ಕಷ್ಟ. ಆದರೆ ನಮ್ಮ ಭಾಗದ ಗೊಬ್ಬರದ ಅಂಗಡಿಯಲ್ಲಿ ರೈತರು ಜೂನ್, ಜುಲೈನಲ್ಲಿ ಉದ್ರಿ ಒಯ್ದರೆ ಹಣ ಬರುವುದು ಭತ್ತವೋ ಹತ್ತಿಯೋ ತೊಗರಿಯೋ ಮಾರಿದ ಮೇಲೆ. ಅಂದರೆ ಐದಾರು ತಿಂಗಳು. ಬ್ಯಾಂಕಿನವರು ಪ್ರತಿ ತಿಂಗಳೂ ಕೇಳುತ್ತಾರೆ, ರೈತ ಸುಗ್ಗಿಗೆ ಕೊಡುತ್ತಾನೆ. ನಡುವಿನ ನಾಲ್ಕು ತಿಂಗಳು ಯಾರು ಹೊರಬೇಕು?

ಸುಗ್ಗಿಯೂ ನಮ್ಮ ಕೈಯಲ್ಲಿ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋಯಿತು. ಆಮೇಲೆ 33 ಗೇಟುಗಳನ್ನೂ ಬದಲಿಸಬೇಕು ಅಂತಾಗಿ, ಆ ಕೆಲಸಕ್ಕಾಗಿ 2025-26ರ ಎರಡನೇ ಬೆಳೆಗೆ ನೀರು ಬಿಡುವುದಿಲ್ಲ ಅಂತ ತೀರ್ಮಾನವಾಯಿತು. ಎಡದಂಡೆ ಕಾಲುವೆಯನ್ನೇ ನಂಬಿದ ಸಿಂಧನೂರು ಭಾಗದ ರೈತರಿಗೆ ಒಂದು ಬೆಳೆ ಹೋದರೆ ಗೊಬ್ಬರದ ಅಂಗಡಿ, ಬಟ್ಟೆ ಅಂಗಡಿ, ಕಿರಾಣಿ ಅಂಗಡಿ ಎಲ್ಲಕ್ಕೂ ವಸೂಲಿ ನಿಂತ ಹಾಗೆ. ಗುರುಗುಂಟಾ, ಲಿಂಗಸುಗೂರಿಗೆ ಕೃಷ್ಣೆಯ ನಾರಾಯಣಪುರ ಬಲದಂಡೆ ಕಾಲುವೆ ಇದ್ದರೂ ಎಲ್ಲ ಹೊಲಕ್ಕೂ ನೀರು ಬರುವುದಿಲ್ಲ, ಎಷ್ಟೋ ಕಡೆ ಮಳೆಯೇ ಗತಿ. ಕಾರ್ಡಿನ ಬಿಲ್ಲಿಗೆ ಅಣೆಕಟ್ಟಿನ ಸುದ್ದಿ ಗೊತ್ತಿಲ್ಲ, ಮಳೆಯ ಸುದ್ದಿಯೂ ಗೊತ್ತಿಲ್ಲ.

ತಪ್ಪಿದರೆ ಬೀಳುವ ಬಡ್ಡಿ ಎಷ್ಟು ಗೊತ್ತಾ? ಎಷ್ಟೋ ಕಾರ್ಡ್‌ಗಳಲ್ಲಿ ತಿಂಗಳಿಗೆ ಶೇ 3.5ರ ಆಸುಪಾಸು. ವರ್ಷಕ್ಕೆ ಶೇ 42! ಇದಕ್ಕೆ ಮಿತಿ ಇಲ್ಲವೇ ಅಂತ ಕೇಳಬಹುದು. 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಶೇ 30ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ತಪ್ಪು ಅಂತ ಹೇಳಿತ್ತು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಅಂದರೆ ಈಗ ಆ ಬೇಲಿಯೂ ಇಲ್ಲ.

ಒಂದು ಉದಾಹರಣೆ. 50,000 ರೂಪಾಯಿ ಬಿಲ್ ಬಂತು. ‘ಕನಿಷ್ಠ ಪಾವತಿ’ ಅಂತ ಶೇ 5, ಅಂದರೆ 2,500 ಕಟ್ಟಿದಿರಿ. ಉಳಿದ 47,500ಕ್ಕೆ ಒಂದು ತಿಂಗಳ ಬಡ್ಡಿ ಶೇ 3.5ರಂತೆ 1,662 ರೂಪಾಯಿ. ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ ಬೇರೆ, ಸುಮಾರು 299. ಒಟ್ಟು 1,961 ರೂಪಾಯಿ. ಮುಂದಿನ ತಿಂಗಳು ನೀವು ಮತ್ತೆ 2,500 ಕಟ್ಟಿದರೆ ಅಸಲಿಗೆ ಹೋಗುವುದು ಬರೀ 540 ರೂಪಾಯಿಯಷ್ಟು! ಜೊತೆಗೆ ಹಳೆ ಬಾಕಿ ಪೂರ್ತಿ ತೀರುವ ತನಕ ಹೊಸ ಖರೀದಿಗೂ ಬಡ್ಡಿರಹಿತ ದಿನಗಳು ಸಿಗುವುದಿಲ್ಲ. 50 ಸಾವಿರ ಖರ್ಚಿಗೆ ಬಂದ ಪಾಯಿಂಟ್ ಬೆಲೆ ಎಷ್ಟು? ಶೇ 1 ಅಂದರೂ 500 ರೂಪಾಯಿ. ಒಂದು ತಿಂಗಳ ಬಡ್ಡಿ ನಾಲ್ಕು ತಿಂಗಳ ಪಾಯಿಂಟನ್ನು ನುಂಗಿ ಹಾಕಿತು.

ಅಂಗಡಿಗೆ ಐದಾರು ತಿಂಗಳ ಹಣ ಬೇಕಿದ್ದರೆ ಅದಕ್ಕೆ ಕಾರ್ಡ್ ಅಲ್ಲ, ಬ್ಯಾಂಕಿನ ಸಿಸಿ ಖಾತೆ ಅಥವಾ ಓವರ್‌ಡ್ರಾಫ್ಟ್ ಕೇಳಿ. ಅದರ ಬಡ್ಡಿ ಕಾರ್ಡ್ ಬಡ್ಡಿಯ ಮೂರನೇ ಒಂದು ಭಾಗದ ಆಸುಪಾಸು ಇರುತ್ತದೆ, ಬಳಸಿದಷ್ಟು ಹಣಕ್ಕೆ ಮಾತ್ರ ಬಡ್ಡಿ. ಸರ್ಕಾರವೂ 2025ರ ಫೆಬ್ರುವರಿ 1ರ ಬಜೆಟ್‌ನಲ್ಲಿ ಉದ್ಯಮ್ ಪೋರ್ಟಲ್‌ನಲ್ಲಿ ನೋಂದಣಿ ಆದ ಅತಿ ಸಣ್ಣ ಉದ್ಯಮಗಳಿಗೆ 5 ಲಕ್ಷ ರೂಪಾಯಿ ಮಿತಿಯ ಪ್ರತ್ಯೇಕ ಕಾರ್ಡ್ ಕೊಡುವುದಾಗಿ ಘೋಷಿಸಿತು. ಮೊದಲ ವರ್ಷವೇ 10 ಲಕ್ಷ ಕಾರ್ಡ್ ಅಂತ ಸಚಿವೆ ನಿರ್ಮಲಾ ಸೀತಾರಾಮನ್ ಹೇಳಿದರು. ಇದು ಪಾಯಿಂಟ್ ಕಾರ್ಡ್ ಅಲ್ಲ, ಸಾಲದ ಕಾರ್ಡ್. ನಿಮ್ಮ ಅಂಗಡಿಗೆ ಉದ್ಯಮ್ ನೋಂದಣಿ ಇದೆಯೇ ಅಂತ ನೋಡಿಕೊಂಡು, ಖಾತೆ ಇರುವ ಬ್ಯಾಂಕಿನಲ್ಲೇ ಬಡ್ಡಿ ಎಷ್ಟು, ವಾಯಿದೆ ಎಷ್ಟು ಅಂತ ವಿಚಾರಿಸಿ. ಫೋನಿನಲ್ಲಿ ಯಾರೋ ‘ಸರ್ಕಾರಿ ಕಾರ್ಡ್ ಮಾಡಿಸಿ ಕೊಡ್ತೀವಿ’ ಅಂದರೆ ನಂಬಬೇಡಿ.

ಮೂರನೇ ಗಂಟು: ಸಾಲ ಯಾರ ಹೆಸರಿಗೆ?

ಸೋದರಿ ತಮ್ಮ ಪತ್ರದಲ್ಲಿ ‘ಲೈಸೆನ್ಸ್ ನನ್ನ ಹೆಸರಿನ್ಯಾಗ’ ಅಂತ ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋಗಿದ್ದಾರೆ. ನಾನು ಅಲ್ಲೇ ನಿಂತೆ. ನಮ್ಮ ಕಡೆ ಎಷ್ಟೋ ಅಂಗಡಿಗಳು ಹೆಂಡತಿಯ ಹೆಸರಿನಲ್ಲಿ ಇರುತ್ತವೆ. ಮಹಿಳಾ ಉದ್ಯಮಿ ಅಂತ ಸಾಲ, ಸಬ್ಸಿಡಿ ಸಿಗಲಿ ಅಂತಲೋ, ಗಂಡನ ಹೆಸರಿನಲ್ಲಿ ಆಗಲೇ ಸಾಲ ಇದೆ ಅಂತಲೋ ಹಾಗೆ ಮಾಡಿರುತ್ತಾರೆ. ಗಲ್ಲಾದ ಬೀಗ ಯಜಮಾನರ ಕೈಯಲ್ಲಿ, ಸಹಿ ಮಾತ್ರ ನಮ್ಮದು.

ಒಬ್ಬರೇ ಮಾಲೀಕರಾದ ಅಂಗಡಿಯಲ್ಲಿ, ಕಾನೂನಿನ ಕಣ್ಣಿಗೆ ಅಂಗಡಿ ಬೇರೆ, ಮಾಲೀಕರು ಬೇರೆ ಅಲ್ಲ. ಅಂಗಡಿಯ ಬಿಸಿನೆಸ್ ಕಾರ್ಡಿನ ಬಾಕಿ ಅಂದರೆ ನಿಮ್ಮದೇ ಬಾಕಿ. ಕಟ್ಟುವುದು ತಪ್ಪಿದರೆ ಫೋನ್ ಬರುವುದು ನಿಮಗೆ, ಸಿಬಿಲ್ ಅಂಕ ಬೀಳುವುದು ನಿಮ್ಮದು. 300ರಿಂದ 900ರವರೆಗಿನ ಈ ಅಂಕವನ್ನು ನಾಳೆ ಮಗಳ ಶಿಕ್ಷಣ ಸಾಲಕ್ಕೂ, ಮನೆ ಸಾಲಕ್ಕೂ ಬ್ಯಾಂಕು ನೋಡುತ್ತದೆ. 2025ರ ಜನವರಿಯಿಂದ ಬ್ಯಾಂಕುಗಳು ಹದಿನೈದು ದಿನಕ್ಕೊಮ್ಮೆ ಈ ವಿವರ ಕಳಿಸಬೇಕು. ಆದ್ದರಿಂದ ತಪ್ಪು ಬೇಗ ದಾಖಲಾಗುತ್ತದೆ.

‘ಆಡ್-ಆನ್ ಕಾರ್ಡ್’ ವಿಷಯವೂ ಹೀಗೇ. ನಿಮ್ಮ ಕಾರ್ಡಿನ ಮೇಲೆ ಗಂಡ, ಮೈದುನ, ಮಗ ಯಾರಿಗೇ ಹೆಚ್ಚುವರಿ ಕಾರ್ಡ್ ಕೊಡಿಸಿದರೂ ಅವರು ಮಾಡಿದ ಖರ್ಚಿಗೆ ಹೊಣೆ ಮುಖ್ಯ ಕಾರ್ಡಿನವರು. ಇದರ ಅರ್ಥ ಮನೆಯಲ್ಲಿ ಜಗಳ ಮಾಡಿ ಅಂತಲ್ಲ. ಕಾರ್ಡ್ ನಿಮ್ಮ ಹೆಸರಿನಲ್ಲಿ ಆದರೆ ಮೂರು ವಿಷಯ ಕೇಳಿ ಪಡೆಯಿರಿ. ಒಂದು, ಬಿಲ್ ಬರುವ ಮೊಬೈಲ್ ನಂಬರ್ ನಿಮ್ಮದೇ ಆಗಿರಲಿ. ಎರಡು, ಓಟಿಪಿ ನಿಮ್ಮ ಫೋನಿಗೇ ಬರಲಿ. ಮೂರು, ಪ್ರತಿ ತಿಂಗಳ ಬಿಲ್ ಇಬ್ಬರೂ ಕೂತು ನೋಡಿ. ‘ನಿನಗ್ಯಾಕ ಅದರ ಉಸಾಬರಿ’ ಅಂದರೆ ನಗುತ್ತಲೇ ಹೇಳಿ: ‘ಸಹಿ ನಂದು ಅಂದ ಮ್ಯಾಲ ಉಸಾಬರಿನೂ ನಂದರೀ.’

ಹಾಗಾದರೆ ಏನು ಮಾಡಬೇಕು?

ಈಗ ಎರಡನ್ನೂ ತಕ್ಕಡಿಗೆ ಹಾಕೋಣ. ಕಾರ್ಡಿನಲ್ಲಿ ಕೊಡಬಹುದಾದ ಅಂಗಡಿ ಖರ್ಚು, ಅಂದರೆ ಫೋನ್, ಸ್ಟೇಷನರಿ, ರಿಪೇರಿ, ಸಾಗಣೆ ಎಲ್ಲ ಸೇರಿ ತಿಂಗಳಿಗೆ 40 ಸಾವಿರ ಅಂತ ಇಟ್ಟುಕೊಳ್ಳಿ. ಶೇ 1ರಂತೆ ವರ್ಷಕ್ಕೆ 4,800 ರೂಪಾಯಿ ಬಂತು. 500 ರೂಪಾಯಿ ಶುಲ್ಕದ ಬಿಸಿನೆಸ್ ಕಾರ್ಡ್ ಆದರೆ ತೆರಿಗೆ ಸೇರಿ 590 ಹೋಯಿತು. ಉಳಿದದ್ದು 4,210 ರೂಪಾಯಿ. ಅದೇ ಖರ್ಚು ಹೋಟೆಲ್ ಕಾರ್ಡಿನಲ್ಲಿ ಮಾಡಿದರೆ 6,400 ಪಾಯಿಂಟ್. ಒಂದು ಸಾಧಾರಣ ಉಚಿತ ರಾತ್ರಿಯ ಅರ್ಧವೂ ಆಗಲಿಲ್ಲ. ಶುಲ್ಕ 3,540 ಕೈಯಿಂದ ಹೋಯಿತು. ಉಚಿತ ರಾತ್ರಿ ಬಳಸಿದರೆ ಲಾಭ, ಇಲ್ಲದಿದ್ದರೆ ಪೂರ್ತಿ ನಷ್ಟ.

ಆದ್ದರಿಂದ ಎರಡರಲ್ಲಿ ಒಂದು ಅಂದರೆ ಗುರುಗುಂಟಾದ ಸೋದರಿಗೆ ಬಿಸಿನೆಸ್ ಕಾರ್ಡ್ ಸರಿ. ಅದೂ ಕಡಿಮೆ ಶುಲ್ಕದ್ದು, ಕಡಿಮೆ ಮಿತಿಯದು, ಸಣ್ಣಪುಟ್ಟ ಖರ್ಚಿಗೆ ಮಾತ್ರ. ಗೊಬ್ಬರ ಖರೀದಿಗೆ ಅದನ್ನು ಬಳಸಬೇಡಿ. ಉದ್ರಿ ವ್ಯಾಪಾರ ತುಂಬಿಸಲು ಅಂತೂ ಬೇಡವೇ ಬೇಡ. ‘ಪ್ರತಿ ತಿಂಗಳು ಪೂರ್ತಿ ಕಟ್ಟುತ್ತೇವೆ’ ಅಂತ ಎದೆ ಮುಟ್ಟಿ ಹೇಳಲು ಆಗದಿದ್ದರೆ ಎರಡೂ ಬೇಡ. ಕಾರ್ಡ್ ಇಲ್ಲ ಅಂತ ಯಾರ ಅಂಗಡಿಯೂ ಮುಚ್ಚಿಲ್ಲ.

ಹೋಟೆಲ್ ಕಾರ್ಡ್ ಯಾರಿಗೆ ಸರಿ? ವರ್ಷಕ್ಕೆ ನಾಲ್ಕಾರು ಸಲ ಅದೇ ಕಂಪನಿಯ ಹೋಟೆಲಿನಲ್ಲಿ, ತಮ್ಮ ಹಣ ಕೊಟ್ಟು ಉಳಿಯುವವರಿಗೆ. ಅಕ್ಕಿ ಗಿರಣಿ ಮಾಲೀಕರು ವ್ಯವಹಾರಕ್ಕೆ ಊರೂರು ಸುತ್ತುತ್ತಿದ್ದರೆ ಅವರಿಗೆ ಲಾಭ ಆಗಬಹುದು. ಬೆಂಗಳೂರಿನ ಓದುಗರಲ್ಲಿ ಗಂಡನ ಜೊತೆ ಪದೇ ಪದೇ ಪ್ರವಾಸ ಹೋಗುವವರಿಗೂ ಆಗಬಹುದು. ಆಗಲೂ ಕೇಳಬೇಕಾದ ಪ್ರಶ್ನೆ ಒಂದೇ: ಈ ಕಾರ್ಡ್ ಇಲ್ಲದಿದ್ದರೂ ಅಲ್ಲೇ ಉಳಿಯುತ್ತಿದ್ದಿರಾ?

ಮನೆಯ ದಿನಸಿ, ತರಕಾರಿಗೆ ಕಾರ್ಡ್ ಬೇಕೇ ಬೇಕು ಅನ್ನುವವರು ವಾರ್ಷಿಕ ಶುಲ್ಕವಿಲ್ಲದ ರುಪೇ ಕ್ರೆಡಿಟ್ ಕಾರ್ಡ್ ನೋಡಬಹುದು. 2022ರಿಂದ ಇದನ್ನು ಯುಪಿಐ ಜೊತೆ ಜೋಡಿಸಿ ಅಂಗಡಿಯ ಕ್ಯೂಆರ್ ಸ್ಕ್ಯಾನ್ ಮಾಡಿ ಹಣ ಕೊಡಬಹುದು. ಒಂದು ಎಚ್ಚರ: ಸ್ಕ್ಯಾನ್ ಮಾಡುವಾಗ ಕೈಯಿಂದ ದುಡ್ಡು ಹೋದ ಹಾಗೆ ಅನ್ನಿಸುವುದೇ ಇಲ್ಲ. ತಿಂಗಳ ಕೊನೆಗೆ ಬಿಲ್ ನೋಡಿದಾಗ ಗೊತ್ತಾಗುತ್ತದೆ.

ನಿಮ್ಮ ಹಕ್ಕು ನೆನಪಿರಲಿ

ರಿಸರ್ವ್ ಬ್ಯಾಂಕ್ 2022ರ ಜುಲೈ 1ರಿಂದ ಜಾರಿಗೆ ತಂದ ನಿಯಮಗಳು ನಮ್ಮಂಥವರಿಗೆ ಬಹಳ ಉಪಯೋಗ.

* ನೀವು ಕೇಳದೆ ಕಾರ್ಡ್ ಕಳಿಸುವ ಹಾಗಿಲ್ಲ. ಕಳಿಸಿ ಬಿಲ್ ಹಾಕಿದರೆ ಆ ಮೊತ್ತವನ್ನು ತೆಗೆದುಹಾಕುವುದಲ್ಲದೆ ಅದರ ಎರಡರಷ್ಟು ದಂಡ ನಿಮಗೆ ಕೊಡಬೇಕು.

* ಕಾರ್ಡ್ ಬಂದು 30 ದಿನವಾದರೂ ನೀವು ಚಾಲೂ ಮಾಡದಿದ್ದರೆ ಬ್ಯಾಂಕು ಓಟಿಪಿ ಮೂಲಕ ಒಪ್ಪಿಗೆ ಕೇಳಬೇಕು. ಒಪ್ಪದಿದ್ದರೆ ಶುಲ್ಕವಿಲ್ಲದೆ ಮುಚ್ಚಬೇಕು. ಬೇಡದ ಕಾರ್ಡಿನ ಓಟಿಪಿಯನ್ನು ‘ಕ್ಯಾನ್ಸಲ್ ಮಾಡ್ತೀವಿ’ ಅಂದವರಿಗೂ ಹೇಳಬೇಡಿ.

* ಬಾಕಿ ಇಲ್ಲದ ಕಾರ್ಡ್ ಮುಚ್ಚಲು ನೀವು ಕೇಳಿದರೆ 7 ಕೆಲಸದ ದಿನದೊಳಗೆ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿಯಂತೆ ನಿಮಗೆ ಕೊಡಬೇಕು.

* ಕಾರ್ಡಿನ ಮುಖ್ಯ ಷರತ್ತುಗಳ ಪುಟ ಪ್ರತ್ಯೇಕವಾಗಿ ಕೊಡಬೇಕು. ಬಡ್ಡಿ, ತಡಪಾವತಿ ಶುಲ್ಕ, ಪಾಯಿಂಟ್ ಸಿಗದ ಖರ್ಚುಗಳ ಪಟ್ಟಿಯನ್ನು ಓದದೆ ಸಹಿ ಹಾಕಬೇಡಿ. ಪೆಟ್ರೋಲ್, ಬಾಡಿಗೆ, ವಿಮೆ, ಕರೆಂಟ್ ಬಿಲ್ಲಿಗೆ ಎಷ್ಟೋ ಕಾರ್ಡ್‌ಗಳು ಪಾಯಿಂಟ್ ಕೊಡುವುದಿಲ್ಲ ಅಥವಾ ಕಡಿಮೆ ಕೊಡುತ್ತವೆ.

* ದೂರು ಕೊಟ್ಟು 30 ದಿನವಾದರೂ ಬ್ಯಾಂಕು ಸರಿಪಡಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಮಾಹಿತಿಗೆ 14448. ಮೋಸ ಹೋಗಿ ಹಣ ಕಳೆದುಕೊಂಡರೆ ತಡ ಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ಫೋನ್ ಮಾಡಿದವರಿಗೆ ಐದು ಪ್ರಶ್ನೆ

ಮುಂದಿನ ಸಲ ‘ಮೇಡಂ, ನಿಮಗಾಗಿಯೇ ವಿಶೇಷ ಕಾರ್ಡ್’ ಅಂತ ಫೋನ್ ಬಂದರೆ ಸಿಟ್ಟು ಮಾಡಬೇಡಿ, ಪಾಪ ಅವರದೂ ಹೊಟ್ಟೆಪಾಡು. ಆದರೆ ಇಷ್ಟು ಕೇಳಿ:

1. ಮೊದಲ ವರ್ಷದ ಶುಲ್ಕ ಎಷ್ಟು, ಎರಡನೇ ವರ್ಷದ್ದು ಎಷ್ಟು, ತೆರಿಗೆ ಸೇರಿ ಹೇಳಿ.

2. ಒಂದು ಪಾಯಿಂಟಿನ ಬೆಲೆ ಎಷ್ಟು ಪೈಸೆ? ಎಷ್ಟು ದಿನದೊಳಗೆ ಬಳಸಬೇಕು?

3. ಯಾವ ಯಾವ ಖರ್ಚಿಗೆ ಪಾಯಿಂಟ್ ಇಲ್ಲ?

4. ಬಡ್ಡಿ ತಿಂಗಳಿಗೆ ಅಲ್ಲ, ವರ್ಷಕ್ಕೆ ಶೇಕಡ ಎಷ್ಟು?

5. ಇದನ್ನೆಲ್ಲ ಬರೆದು ಕಳಿಸುತ್ತೀರಾ?

ಐದನೇ ಪ್ರಶ್ನೆಗೆ ಎಷ್ಟೋ ಫೋನುಗಳು ಅಲ್ಲಿಗೇ ಕಟ್ ಆಗುತ್ತವೆ. ಬರೆದು ಕಳಿಸಿದರೆ ಆ ಹಾಳೆ ಹಿಡಿದು ಗಂಡ-ಹೆಂಡತಿ ಇಬ್ಬರೂ ಕೂತು, ಹೋದ ವರ್ಷದ ಅಂಗಡಿ ಖರ್ಚಿನ ವಹಿ ತೆರೆದು ಲೆಕ್ಕ ಹಾಕಿ. ಉದ್ರಿ ವಸೂಲಿ ಯಾವ ತಿಂಗಳು ಎಷ್ಟು ಬಂತು ಅನ್ನುವುದನ್ನೂ ಪಕ್ಕದಲ್ಲೇ ಬರೆದುಕೊಳ್ಳಿ. ಹಣ ಬರುವ ತಿಂಗಳೂ ಬಿಲ್ ಬರುವ ತಿಂಗಳೂ ಹೊಂದಿದರೆ ಕಾರ್ಡ್ ತಗೊಳ್ಳಿ, ಹೊಂದದಿದ್ದರೆ ‘ಸದ್ಯಕ್ಕ ಬ್ಯಾಡರೀ’ ಅಂದುಬಿಡಿ.